ತಂತಿಯೂ ಕುಂಚವೂ: ಬೊಲೊನ್ಯಾದ ಸಂತ ಕ್ಯಾಥರೀನ್



ಮಾರ್ಚ್ ೯ ಬಂತೆಂದರೆ ನಮ್ಮ ಪೂಜಾ ಪಂಚಾಂಗದಲ್ಲಿ ರೋಮಿನ ಸಂತ ಫ್ರಾನ್ಸಿಸಾರ ಹೆಸರನ್ನು ನೋಡುತ್ತೇವೆ. ಅದೇ ದಿನ ದೈವಾಧೀನರಾದ ಇನ್ನೊಬ್ಬ ಸಾಧ್ವಿಯನ್ನು ನಾವು ನೆನೆಯುವುದು ಕಡಿಮೆ. ಅವರೇ ಇಟಲಿಯ ಬೊಲೊನ್ಯಾ ನಗರದ ಸಂತ ಕ್ಯಾಥರೀನ್. ತಂತಿವಾದ್ಯವನ್ನೂ ನುಡಿಸಿ, ಚಿತ್ರವನ್ನೂ ಬರೆದ ಇವರನ್ನು ಕಲಾವಿದರು ತಮ್ಮ ಪಾಲಕಿ ಎಂದು ಗೌರವಿಸುತ್ತಾರೆ.

೧೪೧೩ರಲ್ಲಿ ಹುಟ್ಟಿದ ಕ್ಯಾಥರೀನ್ ಬಾಲ್ಯದಲ್ಲೇ ಫೆರಾರಾದ ಅರಮನೆ ಸೇರಿದರು. ಅವರ ತಂದೆ ಅಲ್ಲಿನ ಪ್ರಭುವಿನ ಸೇವೆಯಲ್ಲಿದ್ದರು. ಪ್ರಭುವಿನ ಮಗಳು ಮಾರ್ಗರೀತಾಳ ಸಂಗಾತಿಯಾಗಿ ಲತೀನ್ ಭಾಷೆ, ಸಂಗೀತ, ಚಿತ್ರಕಲೆಗಳನ್ನು ಕಲಿತರು. ಅರಮನೆಯಲ್ಲಿ ಈ ವಿದ್ಯೆಗಳು ಹೆಣ್ಣುಮಕ್ಕಳಿಗೆ ಒಂದು ಅಲಂಕಾರ. ಆದರೆ ಹದಿಹರೆಯದಲ್ಲೇ ಅವರು ಆ ವೈಭವವನ್ನು ತೊರೆದರು. ೧೪೩೨ರಲ್ಲಿ ಸಂತ ಕ್ಲಾರಾರ ನಿಯಮವನ್ನು ಅನುಸರಿಸುವ ಕನ್ಯಾಸ್ತ್ರೀಯಾದರು.

ಮಠದಲ್ಲಿ ಅವರಿಗೆ ಸಿಕ್ಕಿದ್ದು ರೊಟ್ಟಿ ಸುಡುವ ಕೆಲಸ, ಬಟ್ಟೆ ಒಗೆಯುವ ಕೆಲಸ, ಬಾಗಿಲು ಕಾಯುವ ಕೆಲಸ. ಹಾಗೆಂದು ಕಲಿತ ವಿದ್ಯೆಯನ್ನು ಅವರು ಎಸೆಯಲಿಲ್ಲ. ತಮ್ಮ ದೈನಂದಿನ ಪ್ರಾರ್ಥನೆಯ ಪುಸ್ತಕವನ್ನು ಸ್ವಂತ ಕೈಬರಹದಲ್ಲಿ ಬರೆದು, ಅದರ ದೊಡ್ಡ ಅಕ್ಷರಗಳ ಒಳಗೆ ಕ್ರಿಸ್ತರ, ಮಾತೆ ಮರಿಯಮ್ಮನವರ, ಸಂತರ ಮುಖಗಳನ್ನು ಚಿತ್ರಿಸಿದರು. ಆ ಚಿತ್ರಗಳು ಸರಳವಾದವು. ಅಂದಿನ ಇಟಲಿಯ ಮಹಾ ಕಲಾವಿದರ ಕೃತಿಗಳ ಸಾಲಿಗೆ ಅವು ಸೇರಲಾರವು. ಮೆಚ್ಚುಗೆಗಾಗಿ ಬರೆದವೂ ಅವಲ್ಲ, ಪ್ರಾರ್ಥಿಸುತ್ತ ಬರೆದವು.

೧೪೫೬ರಲ್ಲಿ ಅವರು ಬೊಲೊನ್ಯಾದ ಹೊಸ ಮಠಕ್ಕೆ ಅಧ್ಯಕ್ಷೆಯಾಗಿ ಬಂದರು. ಅಲ್ಲಿ ಒಮ್ಮೆ ತೀವ್ರ ಕಾಯಿಲೆಯಿಂದ ಮಲಗಿದ್ದಾಗ ಅವರಿಗೆ ಒಂದು ದರ್ಶನವಾಯಿತು, ಸ್ವರ್ಗೀಯ ಗಾನ ಕೇಳಿಸಿತು. ಚೇತರಿಸಿಕೊಂಡ ಮೇಲೆ ವಿಯೊಲೆತಾ ಎಂಬ, ಕಮಾನಿನಿಂದ ನುಡಿಸುವ ಪುಟ್ಟ ತಂತಿವಾದ್ಯವನ್ನು ತರಿಸಿಕೊಂಡು, ಮುಖವನ್ನು ಮೇಲೆತ್ತಿ ನುಡಿಸಿದರೆಂದು ಅವರ ಬಗ್ಗೆ ಬರೆದವರು ತಿಳಿಸುತ್ತಾರೆ. ೧೪೬೩ರ ಮಾರ್ಚ್ ೯ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ೧೭೧೨ರಲ್ಲಿ ಜಗದ್ಗುರು ೧೧ನೇ ಕ್ಲೆಮೆಂಟರು ಅವರನ್ನು ಸಂತರೆಂದು ಘೋಷಿಸಿದರು. ಬೊಲೊನ್ಯಾದ ಆ ಮಠದ ದೇವಾಲಯದಲ್ಲಿ ಅವರ ಪಾರ್ಥಿವ ಶರೀರ ಕುಳಿತ ಭಂಗಿಯಲ್ಲಿಯೇ ಇದೆ. ಆ ಪ್ರಾರ್ಥನಾ ಪುಸ್ತಕವೂ ಆ ವಾದ್ಯವೂ ಉಳಿದುಬಂದಿವೆ.

ಇದರಲ್ಲಿ ನಮಗೇನು ಪಾಠ? ಮಾರ್ಚ್ ೯ ಸಾಮಾನ್ಯವಾಗಿ ತಪಸ್ಸುಕಾಲದಲ್ಲಿ ಬರುತ್ತದೆ. ತಪಸ್ಸು ಎಂದರೆ ಬಿಡುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಕ್ಯಾಥರೀನರು ಅರಮನೆಯನ್ನು ಬಿಟ್ಟರು, ವರದಾನವನ್ನು ಬಿಡಲಿಲ್ಲ. ಅದನ್ನು ಕೊಟ್ಟವರಿಗೇ ಒಪ್ಪಿಸಿದರು. ತಲಾಂತುಗಳ ಸಾಮತಿಯಲ್ಲಿ ಪ್ರಭು ಯೇಸು ಗದರಿಸುವುದು ಕಡಿಮೆ ಪಡೆದವನೆಂಬ ಕಾರಣಕ್ಕಲ್ಲ, ಮಣ್ಣಲ್ಲಿ ಹೂತಿಟ್ಟ ಕಾರಣಕ್ಕೆ.

ನಮ್ಮ ಮನೆಗಳಲ್ಲಿ ಪರೀಕ್ಷೆ ಹತ್ತಿರವಾದಾಗ ಮಗುವಿನ ಚಿತ್ರದ ಪುಸ್ತಕ ಅಟ್ಟ ಸೇರುತ್ತದೆ, ಹಾರ್ಮೋನಿಯಂ ಮೇಲೆ ಬಟ್ಟೆ ಬೀಳುತ್ತದೆ. ಪರೀಕ್ಷೆ ಮುಗಿದ ಮೇಲೂ ಅವು ಹೊರಬರುವುದಿಲ್ಲ. ಓದು ಬೇಕು, ನಿಜ. ಆದರೆ ಕ್ರಿಸ್ತಜಯಂತಿಗೆ ಗೋದಲಿಯ ಪರದೆ ಬರೆಯುವ ಹುಡುಗನೂ, ಭಾನುವಾರದ ಬಲಿಪೂಜೆಯಲ್ಲಿ ಹಾಡುವ ಹುಡುಗಿಯೂ ದೇವರಿಗೆ ಕಾಣಿಕೆ ಅರ್ಪಿಸುತ್ತಿದ್ದಾರೆ ಎಂಬುದನ್ನು ಮರೆಯದಿರೋಣ. ಆ ಕಾಣಿಕೆಯನ್ನು ತಡೆಯುವ ಕೈ ನಮ್ಮದಾಗದಿರಲಿ.

ಬೊಲೊನ್ಯಾದ ಸಂತ ಕ್ಯಾಥರೀನರೇ, ನಮಗಾಗಿ ಪ್ರಾರ್ಥಿಸಿರಿ.