ಭೂ ನ್ಯಾಯಮಂಡಳಿ ತೀರ್ಪುಗಳ ಮೇಲ್ಮನವಿ: ಕರ್ನಾಟಕದಲ್ಲಿ ಬೆಳೆದುಬಂದ ಬಗೆ

ಗೇಣಿ ಜಮೀನಿನ ಅಧಿಭೋಗದ ಹಕ್ಕು ಯಾರಿಗೆ ಸಲ್ಲಬೇಕೆಂಬುದನ್ನು ತೀರ್ಮಾನಿಸಿದ ಭೂ ನ್ಯಾಯಮಂಡಳಿಗಳ ಆದೇಶವನ್ನು ಪ್ರಶ್ನಿಸುವ ದಾರಿ ಕರ್ನಾಟಕದಲ್ಲಿ 1974ರಿಂದ ಈಚೆಗೆ ಎರಡು ಬಾರಿ ಬುಡಸಮೇತ ಬದಲಾಗಿದೆ. ಆಡುಮಾತಿನಲ್ಲಿ ಎಲ್ಲವೂ ‘ಅಪೀಲು’ ಎಂದೇ ಕರೆಸಿಕೊಳ್ಳುವುದರಿಂದ ಯಾವ ಕಾಲದಲ್ಲಿ ಯಾವ ಪರಿಹಾರ ಲಭ್ಯವಿತ್ತು ಎಂಬುದು ಮಸುಕಾಗಿದೆ.

ಹಳೆ ಮೈಸೂರಿನ ಸಾಮಾನ್ಯ ದಿವಾನಿ ವ್ಯಾಜ್ಯಗಳ ಮಾರ್ಗ ಸುಪರಿಚಿತವಾದುದು. 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟ್ 1930ರಲ್ಲಿ ಹೈಕೋರ್ಟ್ ಎನಿಸಿತು. ಗೇಣಿದಾರರ ಪ್ರಶ್ನೆ ಈ ಮಾರ್ಗದಿಂದ ಹೊರಬಿದ್ದದ್ದು ದೇವರಾಜ ಅರಸು ಸರ್ಕಾರದ ಕಾಲದ ತಿದ್ದುಪಡಿಯಿಂದ. 1961ರ ಭೂಸುಧಾರಣಾ ಕಾಯ್ದೆಗೆ ತಂದ ಆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನುಗಳು ಅಂದಿನಿಂದಲೇ ಸರ್ಕಾರದಲ್ಲಿ ನಿಹಿತವಾದವು, ಅಂದರೆ ಒಡೆತನ ಸರ್ಕಾರಕ್ಕೆ ಸೇರಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅದರ ಗಡುವು ಹಲವು ಬಾರಿ ಮುಂದಕ್ಕೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಈ ಅರ್ಜಿಗಳನ್ನು ಆಲಿಸಬೇಕಾದದ್ದು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರಿದ್ದ ಭೂ ನ್ಯಾಯಮಂಡಳಿಗಳೇ.

ಮಂಡಳಿಯ ಆದೇಶವೇ ಅಂತಿಮವೆಂದು ಕಾಯ್ದೆ ಸಾರಿತು. ಸಿವಿಲ್ ನ್ಯಾಯಾಲಯಕ್ಕೆ ಗೇಣಿಯ ಪ್ರಶ್ನೆಯನ್ನು ಮುಟ್ಟುವ ಅಧಿಕಾರವಿರಲಿಲ್ಲ. ವಕೀಲರು ಮಂಡಳಿಯ ಮುಂದೆ ಹಾಜರಾಗುವುದನ್ನೂ 48(8)ನೆಯ ಕಲಂ ತಡೆದಿತ್ತು. ಓದುಬರಹವಿಲ್ಲದ ಗೇಣಿದಾರನನ್ನು ಜಮೀನ್ದಾರನ ವಕೀಲರಿಂದ ಕಾಪಾಡುವ ಸದುದ್ದೇಶ ಇದರಲ್ಲಿತ್ತು ಎಂಬುದನ್ನು ಮರೆಯಲಾಗದು; ಆದರೆ ಮಂಡಳಿ ತಪ್ಪಿದಾಗ ಅದೇ ಗೇಣಿದಾರನಿಗೂ ಮೇಲ್ಮನವಿಯ ಬಾಗಿಲು ಇರಲಿಲ್ಲ. ಉಳಿದದ್ದು ಸಂವಿಧಾನದ 226 ಮತ್ತು 227ನೆಯ ವಿಧಿಗಳಡಿ ಬೆಂಗಳೂರಿನ ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿಯೊಂದೇ. ರಿಟ್ ವಿಚಾರಣೆಯಲ್ಲಿ ನ್ಯಾಯಾಲಯವು ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವುದಿಲ್ಲ. ಅಧಿಕಾರವ್ಯಾಪ್ತಿ ಮೀರಿತೇ, ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟಿತ್ತೇ, ಕಾರಣ ಬರೆದಿದೆಯೇ ಎಂಬುದನ್ನು ಮುಖ್ಯವಾಗಿ ಪರಿಶೀಲಿಸುತ್ತದೆ. ದೋಷ ಕಂಡಾಗ ಪ್ರಕರಣವನ್ನು ಸಾಮಾನ್ಯವಾಗಿ ಮರುವಿಚಾರಣೆಗೆ ಮಂಡಳಿಗೇ ಕಳುಹಿಸುವುದರಿಂದ, ಒಂದೇ ಸರ್ವೆ ನಂಬರಿನ ವ್ಯಾಜ್ಯ ತಾಲ್ಲೂಕಿಗೂ ಬೆಂಗಳೂರಿಗೂ ನಡುವೆ ಅಲೆದು ಮುಂದಿನ ತಲೆಮಾರಿಗೆ ದಾಟಿದ ಉದಾಹರಣೆಗಳುಂಟು.

1986ರ ತಿದ್ದುಪಡಿ (ಆ ವರ್ಷದ 19ನೆಯ ಅಧಿನಿಯಮ) ಜಿಲ್ಲಾ ಭೂಸುಧಾರಣಾ ಮೇಲ್ಮನವಿ ಪ್ರಾಧಿಕಾರಗಳನ್ನು ಹುಟ್ಟುಹಾಕಿತು. ರೈತನು ತನ್ನ ಜಿಲ್ಲೆಯಲ್ಲಿಯೇ ವಾಸ್ತವಾಂಶಗಳ ಬಗ್ಗೆಯೂ ಮರುಪರಿಶೀಲನೆ ಕೋರಬಹುದಾದ ಅವಧಿ ಇದೊಂದೇ ಎಂಬ ಕಾರಣಕ್ಕೆ ಇದನ್ನು ಈ ಇತಿಹಾಸದ ನಿಜವಾದ ತಿರುವೆಂದು ಪರಿಗಣಿಸುವುದು ಯುಕ್ತ. ಹೈಕೋರ್ಟಿನಲ್ಲಿದ್ದ ರಿಟ್ ಅರ್ಜಿಗಳು ಈ ಪ್ರಾಧಿಕಾರಗಳಿಗೆ ವರ್ಗವಾದವು. ಪ್ರಾಧಿಕಾರದ ಆದೇಶದ ಮೇಲೆ 121-ಎ ಕಲಂನ ಅಡಿ ಹೈಕೋರ್ಟಿಗೆ ಪುನರೀಕ್ಷಣಾ ಅರ್ಜಿ ಸಲ್ಲಿಸಬಹುದಿತ್ತು. ಮರುವರ್ಷ, 1987ರಲ್ಲಿ, ವಕೀಲರನ್ನು ಹೊರಗಿಟ್ಟಿದ್ದ ಕಲಂ ವಕೀಲರ ಅಧಿನಿಯಮಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ವ್ಯವಸ್ಥೆ ಬೇರೂರುವ ಮೊದಲೇ 1990ರ 18ನೆಯ ಅಧಿನಿಯಮ ಪ್ರಾಧಿಕಾರಗಳನ್ನು ರದ್ದುಪಡಿಸಿತು. ಇತ್ಯರ್ಥವಾಗದೆ ಉಳಿದ ಮೇಲ್ಮನವಿಗಳನ್ನು ರಿಟ್ ಅರ್ಜಿಗಳಾಗಿ ಪರಿಗಣಿಸುವಂತೆ ಅದೇ ಅಧಿನಿಯಮದ 17ನೆಯ ಕಲಂನ ಅಡಿ ಹೈಕೋರ್ಟಿಗೆ ಸಿವಿಲ್ ಅರ್ಜಿ ಹಾಕಬೇಕಾಯಿತು. ರಿಟ್, ಮೇಲ್ಮನವಿ, ಮತ್ತೆ ರಿಟ್ ಎಂದು ಒಂದೇ ಕಡತ ಮೂರು ಸಂಖ್ಯೆಗಳನ್ನು ಹೊತ್ತಿರುವುದಕ್ಕೆ ಕಾರಣ ಇದೇ. ಹಳೆಯ ದಾಖಲೆ ಹುಡುಕುವವರು ಇಲ್ಲಿಯೇ ಹೆಚ್ಚಾಗಿ ದಾರಿ ತಪ್ಪುತ್ತಾರೆ.

ಅಂದಿನಿಂದ ಮಂಡಳಿಯ ಆದೇಶಕ್ಕೆ ರಿಟ್ ಒಂದೇ ಪರಿಹಾರವಾಗಿ ಉಳಿದಿದೆ. ಪಹಣಿಯ ಖಾತೆ ಬದಲಾವಣೆಯ ತಕರಾರು ಇದರಿಂದ ಬೇರೆಯದು. ಅದು 1964ರ ಭೂಕಂದಾಯ ಕಾಯ್ದೆಯ 136ನೆಯ ಕಲಂನಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿಯಾಗಿಯೂ, ಜಿಲ್ಲಾಧಿಕಾರಿಗೆ ಪುನರೀಕ್ಷಣೆಯಾಗಿಯೂ ಸಾಗುತ್ತದೆ. ಮಂಡಳಿ ನೀಡಿದ ಅಧಿಭೋಗದ ಹಕ್ಕನ್ನು ಈ ವಿಚಾರಣೆಯಲ್ಲಿ ಕೆದಕುವ ಅಧಿಕಾರ ಅವರಿಬ್ಬರಿಗೂ ಇಲ್ಲ.