ಕಡಲ ತಳದಲ್ಲೊಂದು ಕರೆಂಟಿನ ಸಾಕೆಟ್

ಸಾಗರದ ತಳವನ್ನು ಅರಿಯಲು ವಿಜ್ಞಾನಿಗಳು ಬಹುಕಾಲ ಹಡಗನ್ನೇ ನಂಬಿದ್ದರು. ಬ್ಯಾಟರಿ ಕಟ್ಟಿದ ಉಪಕರಣವನ್ನು ಮುಳುಗಿಸಿ ಬಂದರೆ, ಅದು ಏನು ದಾಖಲಿಸಿದೆ ಎಂಬುದು ತಿಂಗಳುಗಳ ನಂತರ ಮೇಲೆತ್ತಿದಾಗಲೇ ತಿಳಿಯುತ್ತಿತ್ತು. ಏನೂ ದಾಖಲಾಗಿಲ್ಲ ಎಂಬುದೂ ಆಗಲೇ!

ಇದಕ್ಕೆ ಪರಿಹಾರ, ದಡದಿಂದಲೇ ಕೇಬಲ್ ಎಳೆಯುವುದು. ಜಪಾನ್ 1970ರ ದಶಕದ ಕೊನೆಯಲ್ಲೇ ಭೂಕಂಪಮಾಪಕಗಳನ್ನು ಕೇಬಲಿಗೆ ಪೋಣಿಸಿ ಕಡಲಿಗಿಳಿಸಿತ್ತು. ಆದರೆ ಬೇಕೆಂದಾಗ ಹೊಸ ಉಪಕರಣ ಜೋಡಿಸಿ, ಬೇಡವಾದಾಗ ಕೀಳುವಂತಿರಬೇಕಾದರೆ ತಳದಲ್ಲೇ ಸಾಕೆಟ್ ಬೇಕು. ಅಂಥ ಉಪಕರಣಗಳ ಪರೀಕ್ಷೆಗೆಂದೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು 'ಮಾರ್ಸ್'. ಮಾಂಟೆರೆ ಕೊಲ್ಲಿಯ ದಡದಲ್ಲಿರುವ ಮಾಸ್ ಲ್ಯಾಂಡಿಂಗ್‌ನಿಂದ 2007ರಲ್ಲಿ 52 ಕಿ.ಮೀ. ಕೇಬಲ್ ಹಾಸಲಾಯಿತು. ಅದರ ತುದಿ ಇರುವುದು 891 ಮೀಟರ್ ಆಳದಲ್ಲಿ. ಅಲ್ಲಿನ ನೀರಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 90 ಪಟ್ಟು.

ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕೆಟ್ಟರೆ ಫ್ಯೂಸ್ ಹೋಗುತ್ತದೆ, ಬದಲಿಸಿದರಾಯಿತು. ಕಡಲ ತಳಕ್ಕೆ ಎಲೆಕ್ಟ್ರಿಷಿಯನ್ ಹೋಗಲಾರ. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ ಬೇರೆ. ಆದ್ದರಿಂದ ಇಳಿಯುವ ಮುನ್ನ ಪ್ರತಿ ಉಪಕರಣಕ್ಕೂ ದಡದಲ್ಲೇ ಅಗ್ನಿಪರೀಕ್ಷೆ. ಒತ್ತಡದ ಕೊಠಡಿಯಲ್ಲಿ ಅದು ಬಿರುಕು ಬಿಡುತ್ತದೆಯೇ, ಉಪ್ಪುನೀರಿನಲ್ಲಿ ಮುಳುಗಿಸಿದಾಗ ಕರೆಂಟ್ ಸೋರುತ್ತದೆಯೇ, ಅದರ ಗಡಿಯಾರ ದಡದ ಗಡಿಯಾರದೊಂದಿಗೆ ಹೊಂದುತ್ತದೆಯೇ, ಅದು ಕಳಿಸುವ ಮಾಹಿತಿ ದಡದ ಕಂಪ್ಯೂಟರಿಗೆ ಅರ್ಥವಾಗುತ್ತದೆಯೇ ಎಂದು ನೋಡುತ್ತಾರೆ. ಬೇರೆ ಬೇರೆ ಪ್ರಯೋಗಾಲಯಗಳು ತಯಾರಿಸಿದ ಪೆಟ್ಟಿಗೆಗಳು ಒಂದೇ ಭಾಷೆ ಮಾತನಾಡುವಂತೆ ಮಾಡುವುದು ಒತ್ತಡ ತಡೆಯುವುದಕ್ಕಿಂತ ಸುಲಭವೇನಲ್ಲ. ಇಷ್ಟಾದ ಮೇಲೆ, ದೂರನಿಯಂತ್ರಿತ ರೋಬಾಟ್ ಮುಳುಗಿ, ನೀರಿನಲ್ಲೇ ಪ್ಲಗ್ ಸಿಕ್ಕಿಸುತ್ತದೆ.

ವಿಪರ್ಯಾಸವೆಂದರೆ, ಮೊದಲು ಕೈಕೊಟ್ಟದ್ದು ಪರೀಕ್ಷಾ ಕೇಂದ್ರವೇ. ಎಂಟು ಸಾಕೆಟ್‌ಗಳ ಮುಖ್ಯ ಪೆಟ್ಟಿಗೆಯನ್ನು 2008ರ ಆರಂಭದಲ್ಲಿ ಇಳಿಸಿ ವಿದ್ಯುತ್ ಹರಿಸಿದರು. ಹೆಚ್ಚು ಹೊತ್ತಾಗಲಿಲ್ಲ, ಜೋಡಣೆಯೊಂದರಲ್ಲಿ ಸೋರಿಕೆ ಕಂಡು ಎಲ್ಲವನ್ನೂ ನಿಲ್ಲಿಸಬೇಕಾಯಿತು. ಪೆಟ್ಟಿಗೆಯನ್ನು ಮೇಲೆತ್ತಿ, ರಿಪೇರಿ ಮಾಡಿ ಮತ್ತೆ ಇಳಿಸುವಷ್ಟರಲ್ಲಿ ನವೆಂಬರ್ ಬಂದಿತ್ತು. ದುಬಾರಿ ಪಾಠವೇ ಸರಿ, ಆದರೆ ಅಂಥ ಪಾಠಕ್ಕಾಗಿಯೇ ಅಲ್ಲವೇ ಈ ಕೇಂದ್ರ ಕಟ್ಟಿದ್ದು?

2018ರ ಮಾರ್ಚ್‌ನಲ್ಲಿ ನಿರ್ವಹಣೆಗೆಂದು ಕೇಂದ್ರದ ಕೆಲಸ ನಿಲ್ಲಿಸಿದ್ದಾಗ ಕೇಬಲಿನ ಗಾಜಿನ ಎಳೆಗಳು ಬಿಡುವಾಗಿದ್ದವು. ಸಂಶೋಧಕರು ನಾಲ್ಕು ದಿನ 20 ಕಿ.ಮೀ. ಉದ್ದಕ್ಕೆ ಲೇಸರ್ ಬೆಳಕು ಹಾಯಿಸಿ, ಎಳೆಯ ಸೂಕ್ಷ್ಮ ಕಂಪನಗಳನ್ನು ಅಳೆದರು. ಗಿಲ್‌ರಾಯ್ ಬಳಿ ಸಂಭವಿಸಿದ 3.4 ತೀವ್ರತೆಯ ಭೂಕಂಪ ಅದರಲ್ಲಿ ದಾಖಲಾಯಿತು. ಅಲ್ಲಿಯವರೆಗೆ ನಕ್ಷೆಯಲ್ಲಿಲ್ಲದ ಸ್ತರಭಂಗಗಳೂ ಕಡಲ ತಳದಲ್ಲಿ ಪತ್ತೆಯಾದವು.