ಸಿಂಹರಾಜನ ಕೊನೆಯ ಸವಾರಿ



ಇತಿಹಾಸದ ಮೇಷ್ಟ್ರಿಗೂ ಇಟಲಿಯ ಸೈಕಲ್ ಪಂದ್ಯಕ್ಕೂ ಎತ್ತಣಿಂದೆತ್ತಣ ಸಂಬಂಧವೆಂದು ನೀವು ಹುಬ್ಬೇರಿಸಬಹುದು. ನನಗೆ ಗೊತ್ತಿದ್ದ ಸೈಕಲ್ ಸವಾರಿಯೆಂದರೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಾತ್ರ. ಆದರೆ ನನ್ನ ತಂಗಿಯ ಮಗನಿಗೆ ಈ ಪಂದ್ಯಗಳ ಹುಚ್ಚು ವಿಪರೀತ. 2005ರ ಬೇಸಿಗೆ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದವನು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿ, "ಮಾವ, ನೋಡಿ, ಇವನೂ ನಿಮ್ಮ ಹಾಗೆಯೇ ಈ ವರ್ಷ ರಿಟೈರ್ ಆದ" ಎಂದ. ಅಡಿಯಿಂದ ಮುಡಿಯವರೆಗೆ ಕಣ್ಣು ಕೋರೈಸುವ ಗುಲಾಬಿ ಬಣ್ಣದ ಉಡುಪು ತೊಟ್ಟ ಆಜಾನುಬಾಹು ಸವಾರ. ನನಗೆ ನಗು ಬಂತು. ಆ ತಿಂಗಳ ಕೊನೆಯ ದಿನ ನನ್ನ ಐವತ್ತೆಂಟು ವರ್ಷ ತುಂಬಿ ಸೇವೆ ಮುಗಿಯುವುದಿತ್ತು; ನನಗೆ ಕಾದಿದ್ದುದು ಒಂದು ಶಾಲು, ಒಂದು ಹಾರ, ಒಂದು ತಟ್ಟೆ ಹಣ್ಣು.

ಅವನ ಹೆಸರು ಮಾರಿಯೋ ಚಿಪೊಲ್ಲಿನಿ. 1967ರ ಮಾರ್ಚ್ 22ರಂದು ಇಟಲಿಯ ಟಸ್ಕನಿ ಪ್ರಾಂತದ ಲುಕ್ಕಾದಲ್ಲಿ ಹುಟ್ಟಿದವನು. ಇಟಾಲಿಯನ್ ಭಾಷೆಯಲ್ಲಿ 'ಚಿಪೊಲ್ಲಿನಿ' ಎಂದರೆ ಪುಟ್ಟ ಈರುಳ್ಳಿಗಳು. ಜನ ಮಾತ್ರ ಅವನನ್ನು ಕರೆದದ್ದು 'ಸಿಂಹರಾಜ' ಎಂದು.

ಅವನ ಕಸುಬನ್ನು ಮೊದಲು ವಿವರಿಸಬೇಕು. ಯೂರೋಪಿನ ದೊಡ್ಡ ಸೈಕಲ್ ಪಂದ್ಯಗಳಾದ ಇಟಲಿಯ ಜಿರೋ ಮತ್ತು ಫ್ರಾನ್ಸಿನ ಟೂರ್ ಸುಮಾರು ಮೂರು ವಾರಗಳ ಕಾಲ, ದಿನಕ್ಕೊಂದು ಹಂತದಂತೆ ನಡೆಯುತ್ತವೆ. ಪರ್ವತಗಳನ್ನು ಏರಬಲ್ಲ ಹಗುರ ಮೈಯ ಸವಾರರು ಒಟ್ಟು ಪಂದ್ಯವನ್ನು ಗೆಲ್ಲುತ್ತಾರೆ. ಆದರೆ ಬಯಲು ಸೀಮೆಯ ಹಂತಗಳಲ್ಲಿ ನೂರಾರು ಸವಾರರು ಒಂದೇ ಗುಂಪಾಗಿ ಬರುವಾಗ, ಕೊನೆಯ ಇನ್ನೂರು ಮುನ್ನೂರು ಮೀಟರುಗಳಲ್ಲಿ ಮಿಂಚಿನಂತೆ ನುಗ್ಗಿ ಗೆರೆ ದಾಟುವವನೇ ಸ್ಪ್ರಿಂಟರ್. ಅಂಥವನಿಗೆ ಬೇಕಾದದ್ದು ಬಲಿಷ್ಠ ತೊಡೆ, ಎದೆಗಾರಿಕೆ ಮತ್ತು ನಂಬಿಕಸ್ತ ಸಹಾಯಕರು. ವೇಗವಾಗಿ ಸಾಗುವ ಸವಾರನಿಗೆ ಗಾಳಿಯೇ ದೊಡ್ಡ ಶತ್ರು. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆದ್ದರಿಂದ ಸಹಸವಾರರು ಸಾಲಾಗಿ ಮುಂದೆ ನಿಂತು, ಒಬ್ಬೊಬ್ಬನೂ ತನ್ನ ಉಸಿರಿರುವಷ್ಟು ದೂರ ಗಾಳಿಯನ್ನು ಸೀಳಿ ಪಕ್ಕಕ್ಕೆ ಸರಿಯುತ್ತಾರೆ; ಕೊನೆಗೆ ಉಳಿದ ನಾಯಕ ಗೆರೆಯತ್ತ ನೆಗೆಯುತ್ತಾನೆ. ಚಿಪೊಲ್ಲಿನಿಯ ಸಾಯೆಕೊ ತಂಡದ ಉಡುಪು ಕೆಂಪಾಗಿದ್ದುದರಿಂದ ಈ ಸಾಲಿಗೆ 'ಕೆಂಪು ರೈಲು' ಎಂದೇ ಹೆಸರು ಬಂದಿತ್ತು. ರೈಲಿನ ಬೋಗಿಗಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಹೂವಿನ ಗುಚ್ಛ ಒಬ್ಬನಿಗೇ.

1989ರಲ್ಲಿ ವೃತ್ತಿಗೆ ಇಳಿದ ವರ್ಷವೇ ಅವನು ಜಿರೋದ ಒಂದು ಹಂತವನ್ನು ಗೆದ್ದ. 1999ರ ಟೂರ್‌ನಲ್ಲಿ ಸತತವಾಗಿ ನಾಲ್ಕು ಹಂತಗಳನ್ನು ಗೆದ್ದ. 1930ರಲ್ಲಿ ಶಾರ್ಲ್ ಪೆಲಿಸಿಯೇ ಸಾಧಿಸಿದ ನಂತರ ಯಾರಿಗೂ ದಕ್ಕದಿದ್ದ ಸಾಧನೆಯದು. ಅದರಲ್ಲೊಂದು, ಲಾವಾಲ್‌ನಿಂದ ಬ್ಲುವಾದವರೆಗಿನ 194.5 ಕಿಲೋಮೀಟರುಗಳ ಹಾದಿ. ಬೆನ್ನಗಾಳಿಯ ನೆರವಿನಿಂದ ಗಂಟೆಗೆ ಸರಾಸರಿ 50.355 ಕಿಲೋಮೀಟರ್ ವೇಗದಲ್ಲಿ ಅದು ಮುಗಿಯಿತು. ಎಲ್ಲರೂ ಒಟ್ಟಾಗಿ ಹೊರಡುವ ಹಂತಗಳಲ್ಲಿ ಅಷ್ಟು ವೇಗವನ್ನು ಟೂರ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಆದರೆ ಅವನ ಖ್ಯಾತಿಗೆ ಗೆಲುವಿನಷ್ಟೇ ಕಾರಣ ಅವನ ಶೋಕಿ. ಅದೇ ಟೂರ್‌ನ ವಿರಾಮದ ದಿನ ಜೂಲಿಯಸ್ ಸೀಸರನ ಜನ್ಮದಿನವೆಂದು ರೋಮನ್ ನಿಲುವಂಗಿ ತೊಟ್ಟು ಸೀಸರನೇ ಆಗಿ ಕಾಣಿಸಿಕೊಂಡ. ಒಮ್ಮೆ ಚರ್ಮ ಸುಲಿದಂತೆ ಮಾಂಸಖಂಡಗಳೆಲ್ಲ ಕಾಣುವ ಚಿತ್ರದ ಉಡುಪು, ಮತ್ತೊಮ್ಮೆ ಪಟ್ಟೆಪಟ್ಟೆಯ ಜೀಬ್ರಾ ವೇಷ. ನಿಯಮ ಮೀರಿದ್ದಕ್ಕೆ ಅಧಿಕಾರಿಗಳು ಮತ್ತೆ ಮತ್ತೆ ದಂಡ ಹಾಕಿದರು. ಪ್ರಾಯೋಜಕರಿಗೆ ಅದು ಅಗ್ಗದ ಜಾಹೀರಾತು. ಇಷ್ಟಾಗಿ, ಫ್ರಾನ್ಸಿನ ಟೂರ್ ಅನ್ನು ಅವನು ಒಮ್ಮೆಯೂ ಪೂರ್ಣಗೊಳಿಸಲಿಲ್ಲ. ಬಯಲಿನಲ್ಲಿ ಹನ್ನೆರಡು ಹಂತಗಳನ್ನು ಗೆದ್ದವನು ಪರ್ವತ ಎದುರಾದಾಗಲೆಲ್ಲ ಗಂಟುಮೂಟೆ ಕಟ್ಟಿದ. ಟೂರ್‌ನ ಆಡಳಿತಕ್ಕೆ ಇದು ಅಸಹನೀಯವಾಗಿತ್ತು. 2003ರಲ್ಲಿ ವಿಶ್ವ ಚಾಂಪಿಯನ್ನನ ಅಂಗಿ ಅವನ ಮೈಮೇಲಿದ್ದಾಗಲೂ ಅವನ ತಂಡಕ್ಕೆ ಆಹ್ವಾನ ಬರಲಿಲ್ಲ.

ಆ ಅಂಗಿ ದೊರೆತ ಕಥೆಯೇ ಸ್ವಾರಸ್ಯಕರ. 2002ರ ಮಾರ್ಚ್ 23ರಂದು, ಮೂವತ್ತೈದು ತುಂಬಿದ ಮರುದಿನವೇ, ಬಹುಕಾಲ ಕೈತಪ್ಪುತ್ತಿದ್ದ ಮಿಲಾನ್–ಸಾನ್ ರೆಮೋ ಪಂದ್ಯವನ್ನು ಗೆದ್ದ. ಜಿರೋದಲ್ಲಿ ಆರು ಹಂತಗಳು ಸಿಕ್ಕವು. ಜುಲೈನಲ್ಲಿ ಮಾತ್ರ, ಬೇಸರಗೊಂಡು, ನಿವೃತ್ತಿ ಘೋಷಿಸಿಬಿಟ್ಟ! ಅನಂತರ ಮನಸ್ಸು ಬದಲಿಸಿ ಅಕ್ಟೋಬರ್ 13ರಂದು ಬೆಲ್ಜಿಯಮ್ಮಿನ ಜೋಲ್ಡರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿಗೆ ಇಳಿದ. ವರ್ಷವಿಡೀ ಬೇರೆ ಬೇರೆ ತಂಡಗಳಲ್ಲಿ ಪರಸ್ಪರ ಸೆಣಸುವ ಇಟಲಿಯ ಸವಾರರನ್ನು ತರಬೇತುದಾರ ಫ್ರಾಂಕೋ ಬಲ್ಲೆರಿನಿ ಒಂದೇ ದಾರದಲ್ಲಿ ಪೋಣಿಸಿದ. ಕೊನೆಯ ಘಟ್ಟದಲ್ಲಿ ಚಿಪೊಲ್ಲಿನಿಗಾಗಿ ಗಾಳಿಯನ್ನು ಸೀಳಿದವರಲ್ಲಿ ಅಲೆಸ್ಸಾಂದ್ರೋ ಪೆಟಾಕ್ಕಿ ಎಂಬವನಿದ್ದ, ಅವನೂ ಸ್ಪ್ರಿಂಟರನೇ. ತಾನೇ ಗೆಲ್ಲಬಹುದಾಗಿದ್ದವನು ಅಂದು ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟ.

ಮುಂದಿನ ವರ್ಷ ಇತಿಹಾಸ ತನ್ನ ಪುಟ ಮಗುಚಿತು. ಜಿರೋದಲ್ಲಿ ಅತಿ ಹೆಚ್ಚು ಹಂತಗಳನ್ನು ಗೆದ್ದ ದಾಖಲೆ ಆಲ್ಫ್ರೆಡೋ ಬಿಂದಾನದು: 41. ಈ ಬಿಂದಾ ಎಷ್ಟು ಪ್ರಬಲನಾಗಿದ್ದನೆಂದರೆ, 1930ರಲ್ಲಿ ಸಂಘಟಕರು 22,500 ಲೀರಾ ಕೊಟ್ಟು ಅವನನ್ನು ಪಂದ್ಯದಿಂದ ದೂರವಿರಿಸಿದ್ದರು. ಅವನ ಕೊನೆಯ ಹಂತದ ಗೆಲುವು 1933ರದು. ಎಪ್ಪತ್ತು ವರ್ಷಗಳ ಬಳಿಕ, 2003ರ ಮೇ ತಿಂಗಳಲ್ಲಿ ಅರೆಝೋದಲ್ಲಿ ಚಿಪೊಲ್ಲಿನಿ ಆ ದಾಖಲೆಯನ್ನು ಸರಿಗಟ್ಟಿದ. ಮುಂದಿನ ಹಂತದಲ್ಲೇ, ತನ್ನೂರಿಗೆ ಸಮೀಪದ ಮೊಂತೆಕಾತಿನಿಯಲ್ಲಿ, 42 ಮಾಡಿದ. ಅದಾದ ಎರಡೇ ಹಂತಗಳ ನಂತರ ಮಳೆಯಲ್ಲಿ ಬಿದ್ದು ಪಂದ್ಯ ತೊರೆದ. ನಲವತ್ತಮೂರನೆಯದು ಬರಲೇ ಇಲ್ಲ. ಆ ಜಿರೋದಲ್ಲಿ ಆರು, ಮರುವರ್ಷದ ಜಿರೋದಲ್ಲಿ ಒಂಬತ್ತು ಹಂತಗಳನ್ನು ಗೆದ್ದವನಾರು ಗೊತ್ತೇ? ಜೋಲ್ಡರ್‌ನಲ್ಲಿ ಅವನಿಗೆ ದಾರಿ ಮಾಡಿಕೊಟ್ಟಿದ್ದ ಅದೇ ಪೆಟಾಕ್ಕಿ.

2005ರ ಏಪ್ರಿಲ್ 26ರಂದು, ಜಿರೋ ಆರಂಭಕ್ಕೆ ಕೆಲವೇ ದಿನಗಳಿರುವಾಗ, ಮೂವತ್ತೆಂಟರ ಸಿಂಹರಾಜ ನಿವೃತ್ತಿ ಘೋಷಿಸಿದ. ಮೇ 7ರಂದು ದಕ್ಷಿಣದ ತುದಿಯ ರೆಜ್ಜೋ ಕಲಾಬ್ರಿಯಾದಲ್ಲಿ ಆರಂಭದ ಕಿರುಹಂತ ನಡೆದಾಗ, ಸ್ಪರ್ಧಿಯಾಗಿ ಅಲ್ಲ, ವಿದಾಯ ಹೇಳಲೆಂದು ಬೀದಿಗಿಳಿದ. ನನ್ನ ಸೋದರಳಿಯ ತೋರಿಸಿದ ಗುಲಾಬಿ ಉಡುಪು ಅದೇ. ಅದರ ಮೇಲೆ ಜಿರೋದ ಅವನ 42 ಗೆಲುವುಗಳೂ ಅಚ್ಚಾಗಿದ್ದವು. ತನ್ನ ಸೇವಾ ಪುಸ್ತಕವನ್ನೇ ಮೈಗೆ ಹೊದ್ದು ಹೊರಟವನಂತೆ ನನಗೆ ಕಂಡ.

ಪಾಠ ಮಾಡುವಾಗ ನಾನು ನಿಮಗೆ ರೋಮಿನ ಡಯೊಕ್ಲೀಷಿಯನ್ನನ ಕಥೆ ಹೇಳುತ್ತಿದ್ದೆ. ಕ್ರಿ.ಶ. 305ರಲ್ಲಿ ತಾನಾಗಿ ಸಿಂಹಾಸನ ಬಿಟ್ಟ ಆ ಚಕ್ರವರ್ತಿಯನ್ನು ಮರಳಿ ಬರುವಂತೆ ಕೇಳಿದಾಗ, ತಾನು ಬೆಳೆದ ಎಲೆಕೋಸನ್ನು ನೋಡಿದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. ಎಲೆಕೋಸಿನ ಈ ವೈರಾಗ್ಯ ನಮ್ಮ ಈರುಳ್ಳಿಗೆ ಒಲಿಯಲಿಲ್ಲ. 2008ರ ಫೆಬ್ರವರಿಯಲ್ಲಿ, ನಲವತ್ತೊಂದರ ಹೊಸ್ತಿಲಲ್ಲಿ, ಅಮೆರಿಕದ ತಂಡವೊಂದನ್ನು ಸೇರಿ ಕ್ಯಾಲಿಫೋರ್ನಿಯಾದ ಪಂದ್ಯದ ಒಂದು ಹಂತದಲ್ಲಿ ಮೂರನೆಯವನಾಗಿ ಬಂದ. ಕೆಲವೇ ವಾರಗಳಲ್ಲಿ ಆ ತಂಡವನ್ನೂ ಬಿಟ್ಟ.

ಅವನನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ನಿವೃತ್ತನಾದ ಆ ಜೂನ್‌ನಲ್ಲಿ ಬೆಳಿಗ್ಗೆ ಎದ್ದೊಡನೆ ಕಾಲುಗಳು ತಾವಾಗಿ ಶಾಲೆಯ ದಾರಿ ಹಿಡಿಯುತ್ತಿದ್ದವು. "ಮಕ್ಕಳಿಗೆ ಉಚಿತವಾಗಿ ಪಾಠ ಹೇಳುತ್ತೇನೆ" ಎಂಬ ನೆಪವಿತ್ತು. ನನ್ನ ಜಾಗಕ್ಕೆ ಬಂದಿದ್ದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ನಾನು ಬಂದೊಡನೆ ಆಕೆ ಎದ್ದು, "ಬನ್ನಿ ಸಾರ್, ನೀವೇ ಮಾಡಿ" ಎಂದು ಸೀಮೆಸುಣ್ಣ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅದನ್ನು ನಾನು ಗೌರವವೆಂದೇ ಎಣಿಸಿದ್ದೆ. ಒಂದು ದಿನ ಸ್ವಲ್ಪ ತಡವಾಯಿತು. ಕಿಟಕಿಯಾಚೆ ನಿಂತು ಕೇಳಿದೆ. ಆಕೆ ವಿಜಯನಗರದ ಪತನವನ್ನು ಹೇಳುತ್ತಿದ್ದಳು; ಮಕ್ಕಳು ನಡುವೆ ಪ್ರಶ್ನೆ ಕೇಳುತ್ತಿದ್ದರು, ಆಕೆಯೂ ಅವರಿಗೆ ಮರುಪ್ರಶ್ನೆ ಹಾಕುತ್ತಿದ್ದಳು. ನನ್ನ ತರಗತಿಯಲ್ಲಿ ಮಕ್ಕಳು ಅಷ್ಟು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನಾನು ಒಳಗೆ ಹೋಗಲಿಲ್ಲ. ಸೈಕಲ್ ತಿರುಗಿಸಿಕೊಂಡು ಬಂದೆ. ಗಾಳಿಯನ್ನು ಸೀಳಿದವನು ಪಕ್ಕಕ್ಕೆ ಸರಿಯದಿದ್ದರೆ ಹಿಂದಿನವನು ನೆಗೆಯುವುದೆಂತು ಎಂಬುದು ಆ ದಿನ ಅರ್ಥವಾಯಿತು. ಮನೆಗೆ ಬಂದು ಅತ್ತೆನೆಂಬುದನ್ನು ನಿಮ್ಮಿಂದ ಮುಚ್ಚಿಡಬೇಕಾಗಿಲ್ಲ.

ಇನ್ನೊಂದು ಮಾತನ್ನು ಬಿಟ್ಟರೆ ಇತಿಹಾಸಕ್ಕೆ ಅಪಚಾರ. ಜೋಲ್ಡರ್‌ನ ಕಥೆಯನ್ನು ಕೂಡಿ ದುಡಿಯುವುದರ ಮಾದರಿಯೆಂದು ನಾನು ಹಲವು ಸಮಾರಂಭಗಳಲ್ಲಿ ಹೇಳಿದ್ದೆ. 2013ರ ಜುಲೈನಲ್ಲಿ ಫ್ರಾನ್ಸಿನ ಸೆನೆಟ್ ಒಂದು ವರದಿ ಪ್ರಕಟಿಸಿತು. 1998ರ ಟೂರ್‌ನಲ್ಲಿ ಸಂಗ್ರಹಿಸಿಟ್ಟಿದ್ದ ಮಾದರಿಗಳನ್ನು ಸಂಶೋಧನೆಗಾಗಿ 2004ರಲ್ಲಿ ಮತ್ತೆ ಪರೀಕ್ಷಿಸಿದಾಗ, ರಕ್ತದ ಶಕ್ತಿ ಹೆಚ್ಚಿಸುವ ಇ.ಪಿ.ಓ. ಎಂಬ ನಿಷಿದ್ಧ ಮದ್ದು ಪತ್ತೆಯಾದವರ ಪಟ್ಟಿಯಲ್ಲಿ ಚಿಪೊಲ್ಲಿನಿಯ ಹೆಸರೂ ಇತ್ತು. ಅದು ಶಿಕ್ಷೆ ವಿಧಿಸುವ ವಿಚಾರಣೆಯಾಗಿರಲಿಲ್ಲ; ಅವನ ಗೆಲುವುಗಳು ದಾಖಲೆಯಲ್ಲಿ ಹಾಗೆಯೇ ಉಳಿದವು. ಆದರೆ ಆ ಗುಲಾಬಿ ಉಡುಪಿನ ಮೇಲಿನ ಪಟ್ಟಿಯನ್ನು ನಾನು ಮೊದಲಿನ ಕಣ್ಣಿನಿಂದ ಓದಲಾರೆನಾದೆ. ಆ ಕಥೆಯನ್ನು ಹೇಳುವುದನ್ನೇ ನಿಲ್ಲಿಸಬೇಕೆಂದು ಕೆಲಕಾಲ ಅನಿಸಿತ್ತು. ಆಮೇಲೆ ಯೋಚಿಸಿದೆ: ಅಶೋಕನ ಧರ್ಮವನ್ನು ಹೇಳಿ ಕಳಿಂಗವನ್ನು ಬಿಟ್ಟ ಮೇಷ್ಟ್ರು ಪಾಠ ಮಾಡಿದಂತಾಗುವುದಿಲ್ಲ. ಈಗ ಎರಡನ್ನೂ ಹೇಳುತ್ತೇನೆ. ಕೇಳಿದ ಮಕ್ಕಳ ಮುಖ ಕೊಂಚ ಬಾಡುತ್ತದೆ. ಬಾಡಲಿ, ಸತ್ಯ ತಿಳಿದು ಬಾಡಿದ ಮುಖ ಮತ್ತೆ ಅರಳುತ್ತದೆ.

ನಿಮ್ಮಲ್ಲಿ ಹಲವರು ಈಗ ನಿವೃತ್ತಿಯ ಅಂಚಿನಲ್ಲಿದ್ದೀರಿ. ಕೆಲವರು ಆಗಲೇ ಮನೆ ಸೇರಿದ್ದೀರಿ. ನಿಮ್ಮ ಗೆಲುವಿನ ಪಟ್ಟಿಯನ್ನು ಮೈಮೇಲೆ ಬರೆಸಿಕೊಂಡು ಹೊರಡುವ ಆಸೆಯಿದ್ದರೆ ತಪ್ಪೇನಿಲ್ಲ. ಆದರೆ ನಿಮ್ಮ ಮುಂದೆ ಗಾಳಿ ಸೀಳಿದವರ ಹೆಸರನ್ನೂ ಅದರಲ್ಲಿ ಬರೆಸಿ. ನನ್ನ ಪಟ್ಟಿಯಲ್ಲಿ ಅಂಥ ಹೆಸರು ಬಹಳ. ಕಿಟಕಿಯಾಚೆಯಿಂದ ನಾನು ಕೇಳಿದ ಆ ಹುಡುಗಿಯದೂ ಒಂದು. ಆಕೆ ಈಗ ಮುಖ್ಯೋಪಾಧ್ಯಾಯಿನಿ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಪ್ರೀತಿಯ ಮೇಷ್ಟ್ರು